ಮೂರನೆಯ ಪ್ರಕಟಣೆ ಓದಲೇ ಇಲ್ಲ: ದೇವರಿಗೂ ನಾನು ಬೇಡವಾದೆನೇ?

ಪ್ರಶ್ನೆ: ನನಗೆ 31 ವರ್ಷ. ಉಡುಪಿ ಜಿಲ್ಲೆಯವಳು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಹುಟ್ಟಿ ಬೆಳೆದವಳು. ಬೆಂಗಳೂರಿನಲ್ಲಿ ಏಳು ವರ್ಷ ಕೆಲಸದಲ್ಲಿದ್ದೆ. ಕಳೆದ ವರ್ಷ ಕಂಪನಿಯವರು ಜನರನ್ನು ತೆಗೆದಾಗ ನನ್ನ ಕೆಲಸವೂ ಹೋಯಿತು. ಊರಿಗೆ ಬಂದ ಮೇಲೆ ಮದುವೆ ಗೊತ್ತಾಗಿ, ಮದುವೆಗೆ ಮುಂಚೆ ಚರ್ಚಿನಲ್ಲಿ ಮೂರು ಸಲ ಓದುವ ಪ್ರಕಟಣೆಯನ್ನು ಎರಡು ಭಾನುವಾರ ಓದಿಯೂ ಆಗಿತ್ತು. ಮೂರನೆಯದು ಓದುವ ಮೊದಲೇ ಹುಡುಗನ ಮನೆಯವರು ಬೇಡ ಎಂದರು. ಕಾರಣ ಹೇಳಲಿಲ್ಲ. ಪ್ರಾರ್ಥನಾ ಕೂಟದ ಮುಖ್ಯಸ್ಥರು, ‘ನಿನ್ನಲ್ಲಿ ಅರಿಕೆ ಮಾಡದ ಪಾಪ ಇರಬೇಕು, 21 ದಿನ ಉಪವಾಸ ಮಾಡು, ಬೆಳಗಿನ ಜಾವ 3ಕ್ಕೆ ಎದ್ದು ಪ್ರಾರ್ಥಿಸು’ ಎಂದರು. ಎರಡು ಸಲ ಮಾಡಿದೆ, ರಾತ್ರಿ ಒಂದೇ ಊಟ. ದಿನಾ ಕನ್ನಡಿ ಮುಂದೆ ನಿಂತು ‘ನಾನು ದೇವರಿಗೆ ಬೆಲೆಯುಳ್ಳವಳು’ ಎಂದು ಹೇಳಿಕೊಳ್ಳುತ್ತೇನೆ, ಸುಳ್ಳು ಹೇಳಿದ ಹಾಗೆ ಅನಿಸುತ್ತದೆ. ಎಷ್ಟೋ ದಿನ ಬೆಳಗೇ ಆಗದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ನನಗೆ ಬೆಲೆ ಇದೆ ಎಂದು ನಂಬುವುದು ಹೇಗೆ? ಹಾಗೆ ನಂಬಿದರೆ ಅಹಂಕಾರವಾಗುವುದಿಲ್ಲವೇ? ಬೇರೆ ಚರ್ಚಿಗೆ ಹೋಗಲೇ? ಕೌನ್ಸೆಲಿಂಗಿಗೆ ಹೋದರೆ ನನ್ನ ನಂಬಿಕೆ ಸಾಲದು ಎಂದಾಗುತ್ತದೆಯೇ?

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ನಾಲ್ಕರ ಅಡಿಯಲ್ಲಿಯೂ ಇರುವ ಹೆದರಿಕೆ ಒಂದೇ: ಕೆಲಸ ಹೋದದ್ದು, ಮದುವೆ ಮುರಿದದ್ದು ನಿಮ್ಮ ಬಗ್ಗೆ ದೇವರು ಕೊಟ್ಟ ತೀರ್ಪೇ? ಅಲ್ಲ. ಏಕೆ ಅಲ್ಲ ಎಂಬುದನ್ನು ವಿವರವಾಗಿ ಹೇಳುತ್ತೇನೆ. ಅದಕ್ಕೂ ಮೊದಲು ನೀವು ನಡುವೆ ಬರೆದ ಒಂದು ಮಾತಿಗೆ ಉತ್ತರಿಸಬೇಕು.

‘ಬೆಳಗೇ ಆಗದಿದ್ದರೆ ಚೆನ್ನಾಗಿತ್ತು’ ಎಂಬುದು ಪಾಪದ ಮಾತಲ್ಲ. ಎಲೀಯ, ಯೋನ, ಯೋಬ ಮೂವರೂ ಸಾವನ್ನು ಬಯಸಿ ಮಾತಾಡಿದ್ದು ಸತ್ಯವೇದದಲ್ಲೇ (ಬೈಬಲಿನಲ್ಲೇ) ಇದೆ. ಆದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. ಇವತ್ತೇ ಮನೆಯಲ್ಲಿ ಒಬ್ಬರಿಗೆ, ಅಮ್ಮನಿಗೋ ಅಕ್ಕನಿಗೋ ಅಣ್ಣನಿಗೋ, ಇದೇ ಮಾತನ್ನು ಇದ್ದ ಹಾಗೇ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದು ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಯೋಚನೆ ಮುಂದುವರಿದು ‘ಹೇಗೆ, ಯಾವಾಗ’ ಎಂಬ ಕಡೆಗೆ ಮನಸ್ಸು ಹೊರಟರೆ ಒಬ್ಬರೇ ಇರಬೇಡಿ. ಮನೆಯವರನ್ನು ಕರೆದುಕೊಂಡು ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆಗ ಈ ಉತ್ತರದ ಉಳಿದ ಭಾಗ ಕಾಯಬಹುದು.

ಎರಡನೆಯದು, ಉಪವಾಸ ಮತ್ತು ನಿದ್ದೆ. ಮೂರನೆಯ ಸಲ ಉಪವಾಸ ಶುರು ಮಾಡಬೇಡಿ. ಪ್ರವಾದಿ ದಾನಿಯೇಲನ ಮೂರು ವಾರದ ಉಪವಾಸದ ಮಾದರಿ ಎಂದು ನಿಮಗೆ ಹೇಳಿರಬಹುದು. ಆದರೆ ದಾನಿಯೇಲ 10ನೆಯ ಅಧ್ಯಾಯದಲ್ಲಿ ಅವನು ಬಿಟ್ಟದ್ದು ರುಚಿಯಾದ ಪದಾರ್ಥ, ಮಾಂಸ ಮತ್ತು ದ್ರಾಕ್ಷಾರಸ. ಯಾವ ಗುಪ್ತ ಪಾಪವನ್ನು ಪತ್ತೆ ಹಚ್ಚುವುದಕ್ಕೂ ಅಲ್ಲ. ವಾರಗಟ್ಟಲೆ ಒಂದೇ ಊಟ, ಬೆಳಗಿನ ಜಾವ 3ಕ್ಕೆ ಎಚ್ಚರ, ಇವೆರಡೂ ಸೇರಿದರೆ ಗಟ್ಟಿ ಮನಸ್ಸಿನವರಿಗೂ ಅಳು ಬರುತ್ತದೆ, ಗಮನ ನಿಲ್ಲುವುದಿಲ್ಲ, ಎಲ್ಲವೂ ನನ್ನದೇ ತಪ್ಪು ಅನಿಸತೊಡಗುತ್ತದೆ. ಆ ದಣಿವನ್ನು ‘ಪವಿತ್ರಾತ್ಮ ಎಚ್ಚರಿಸುತ್ತಿದ್ದಾನೆ’ ಎಂದು ಓದುವ ತಪ್ಪು ನಮ್ಮ ಕೂಟಗಳಲ್ಲಿ ಬಹಳ ನಡೆಯುತ್ತದೆ.

ಎಲೀಯನಿಗೆ ಏನಾಯಿತು ನೋಡಿ (1 ಅರಸು 19). ‘ಸಾಕು, ನನ್ನ ಪ್ರಾಣ ತೆಗೆದುಬಿಡು’ ಎಂದು ಗಿಡದ ಕೆಳಗೆ ಮಲಗಿದವನಿಗೆ ಮೊದಲು ಸಿಕ್ಕಿದ್ದು ಬೋಧನೆಯಲ್ಲ. ನಿದ್ದೆ, ಸುಟ್ಟ ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ಊಟ. ‘ಇಲ್ಲೇನು ಮಾಡುತ್ತೀ’ ಎಂದು ದೇವರು ಕೇಳಿದ್ದು ನಲವತ್ತು ದಿನದ ನಡಿಗೆಯ ನಂತರ. ಕೇಳಿದ ಮೇಲೂ ಬೈಯಲಿಲ್ಲ: ಮಾಡಲು ಕೆಲಸ ಕೊಟ್ಟರು, ಜೊತೆಗೆ ಎಲೀಷನನ್ನು ಕೊಟ್ಟರು, ನಿನ್ನ ಹಾಗೆ ಇನ್ನೂ ಏಳು ಸಾವಿರ ಜನ ಇದ್ದಾರೆ ಎಂದರು. ನೀವೂ ಈ ಕ್ರಮವನ್ನೇ ಹಿಡಿಯಿರಿ. ಎರಡು ದಿನ ಗಂಜಿ, ಬೇಳೆ, ಮೊಟ್ಟೆಯಂಥ ಹಗುರವಾದ ಊಟ, ಆಮೇಲೆ ದಿನಕ್ಕೆ ಮೂರು ಹೊತ್ತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಸಿಗೆ. ಪ್ರಾರ್ಥನೆ ಬೆಳಗಾದ ಮೇಲೆ. ಮಧ್ಯೆ ಎಚ್ಚರವಾದರೆ ಮೊಬೈಲ್ ಮುಟ್ಟಬೇಡಿ. ಸತ್ಯವೇದದ ಕೀರ್ತನೆಗಳಲ್ಲಿ ಬಾಯಿಪಾಠವಿರುವ ಒಂದನ್ನು ಹೇಳಿಕೊಂಡು ಮಲಗಿ. ಎರಡು ವಾರ ಹೀಗೆ ನಡೆಸಿ, ದೊಡ್ಡ ಪ್ರಶ್ನೆಗಳಿಗೆ ಆಮೇಲೆ ಕೈ ಹಾಕಿ.

ಇನ್ನು ‘ಅರಿಕೆ ಮಾಡದ ಪಾಪ’. ಕಷ್ಟ ಬಂದರೆ ಅದರ ಹಿಂದೆ ಪಾಪ ಇರಲೇಬೇಕು ಎಂಬ ಲೆಕ್ಕ, ಎಲ್ಲವನ್ನೂ ಕಳೆದುಕೊಂಡು ನರಳುತ್ತಿದ್ದ ಯೋಬನ ಸ್ನೇಹಿತರದು. ಏಳು ದಿನ ಅವನ ಪಕ್ಕ ಸುಮ್ಮನೆ ಕುಳಿತಷ್ಟು ಹೊತ್ತು ಅವರು ಒಳ್ಳೆಯ ಸ್ನೇಹಿತರೇ ಆಗಿದ್ದರು; ಬಾಯಿ ಬಿಟ್ಟ ಮೇಲೆ ಕೆಟ್ಟರು. ಕೊನೆಯ ಅಧ್ಯಾಯದಲ್ಲಿ ದೇವರು ಕೋಪಗೊಂಡದ್ದು ಅವರ ಮೇಲೆ, ಯೋಬನ ಮೇಲಲ್ಲ. ಹುಟ್ಟು ಕುರುಡನನ್ನು ತೋರಿಸಿ ‘ಪಾಪ ಯಾರದು, ಇವನದೋ ತಂದೆ ತಾಯಿಯದೋ’ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದರು (ಯೋಹಾನ 9). ಸಿಲೋವದಲ್ಲಿ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ ಎಂಬುದಕ್ಕೂ ಅವರ ಉತ್ತರ ‘ಇಲ್ಲ’ ಎಂದೇ (ಲೂಕ 13). ಹೀಗಿರುವಾಗ ನಿಮ್ಮ ಮದುವೆ ಮುರಿದದ್ದಕ್ಕೆ ಕಾರಣ ಗೊತ್ತಿದೆ ಎಂದು ಒಬ್ಬರು ಹೇಳುವುದು ಧೈರ್ಯದ ಮಾತಿರಬಹುದು, ವಾಕ್ಯದ ಆಧಾರವಿರುವ ಮಾತಲ್ಲ.

ಹಾಗೆಂದು ಪಾಪವೇ ಇಲ್ಲ ಎನ್ನುತ್ತಿಲ್ಲ. ತಪ್ಪು ಮಾಡಿದ ಅರಿವು ಬೇರೆ, ನಾನೇ ತಪ್ಪು ಎಂಬ ನಾಚಿಕೆ ಬೇರೆ. ಎರಡನ್ನೂ ಬೇರ್ಪಡಿಸಲು ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಏನು ಮಾಡಿದೆ, ಯಾರಿಗೆ, ಯಾವಾಗ, ಸರಿಪಡಿಸಲು ಈಗ ಏನು ಮಾಡಬಹುದು. ನಾಲ್ಕಕ್ಕೂ ಉತ್ತರ ಬಂದರೆ ಅದು ತಪ್ಪು. ದೇವರ ಮುಂದೆ ಅರಿಕೆ ಮಾಡಿ, ಆ ವ್ಯಕ್ತಿಯ ಹತ್ತಿರ ಕ್ಷಮೆ ಕೇಳಿ, ಮುಗಿಯಿತು. ಮತ್ತೆ ಮತ್ತೆ ಅರಿಕೆ ಮಾಡಬೇಕಿಲ್ಲ. ‘ನಾನು ಸರಿಯಿಲ್ಲ’, ‘ನನ್ನಲ್ಲೇ ಏನೋ ಕೊರತೆ’ ಎಂಬುದರಾಚೆ ಏನೂ ಬರೆಯಲಾಗದಿದ್ದರೆ ಅದು ನಾಚಿಕೆ. ಅರಿಕೆಯಿಂದ ಅದು ಕರಗುವುದಿಲ್ಲ, ಇನ್ನಷ್ಟು ಊರುತ್ತದೆ. ಎರಡು ಉಪವಾಸದ ನಂತರವೂ ನಿಮ್ಮ ಭಾರ ಇಳಿಯದಿರುವುದಕ್ಕೆ ಇದೇ ಕಾರಣ ಎಂದು ನನಗೆ ಅನಿಸುತ್ತದೆ.

ಸಮಾಧಾನ ಹೇಳುವವರು ನಿಮಗೆ ಯೆರೆಮೀಯ 29:11ನ್ನು ಕಳುಹಿಸಿಯೇ ಇರುತ್ತಾರೆ: ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ. ಒಳ್ಳೆಯ ವಾಕ್ಯವೇ, ಆದರೆ ಅದರ ಸುತ್ತ ಇರುವುದನ್ನು ಬಿಟ್ಟು ಓದಿದರೆ ನೋವು ಮಾಡುತ್ತದೆ. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಹೋದವರಿಗೆ ಬರೆದ ಪತ್ರ. ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಎಂದಿದೆ. ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಊರಿಗೆ ಮರಳುವ ದಿನವನ್ನು ನೋಡಿರಲಾರರು. ಅವರಿಗೆ ಹೇಳಿದ್ದು ಮನೆ ಕಟ್ಟಿ, ತೋಟ ಮಾಡಿ, ಇರುವ ಪಟ್ಟಣದ ಒಳಿತನ್ನು ಬಯಸಿ ಎಂದು. ‘ಇನ್ನೆರಡೇ ವರ್ಷ, ಎಲ್ಲ ಮೊದಲಿನಂತಾಗುತ್ತದೆ’ ಎಂದು ಹೇಳಿದವನು ಹನನ್ಯ. 28ನೆಯ ಅಧ್ಯಾಯ ಅವನನ್ನು ಸುಳ್ಳು ಪ್ರವಾದಿ ಎನ್ನುತ್ತದೆ. ‘ಈ ವರ್ಷದೊಳಗೆ ಇನ್ನೂ ಒಳ್ಳೆಯ ಹುಡುಗ, ಎರಡರಷ್ಟು ಸಂಬಳ’ ಎಂದು ದೇವರ ಹೆಸರಲ್ಲಿ ದಿನಾಂಕ ಕೊಡುವವರನ್ನು ನಂಬಬೇಡಿ. ಆ ದಿನ ಬಂದು ಹೋದಾಗ ಬಿರುಕು ಬಿಡುವುದು ನಿಮ್ಮ ನಂಬಿಕೆ, ಅವರದಲ್ಲ.

ಕನ್ನಡಿಯ ಮುಂದಿನ ಮಾತನ್ನು ನಿಲ್ಲಿಸಿ. ನಿಮಗೆ ಸುಳ್ಳು ಅನಿಸುತ್ತಿರುವುದರಲ್ಲಿ ಆಶ್ಚರ್ಯವಿಲ್ಲ. 2009ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಮೊದಲೇ ಕೀಳು ಭಾವನೆ ಇದ್ದವರು ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂದು ಮತ್ತೆ ಮತ್ತೆ ಹೇಳಿಕೊಂಡಾಗ ಅವರ ಮನಸ್ಸು ಇನ್ನೂ ಕುಗ್ಗಿದ್ದು ಕಂಡಿತು. ಒಳಗಿನಿಂದ ಎದ್ದು ಬರುವ ‘ಅಲ್ಲ’ ಎಂಬ ದನಿ ಪ್ರತಿ ಸಲವೂ ಗೆಲ್ಲುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ಈ ಮಾತು ನಮಗೆ ನಾವೇ ಹೇಳಿಕೊಳ್ಳುವಂಥದ್ದೂ ಅಲ್ಲ, ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳುವಂಥದ್ದು. ಮತ್ತಾಯ 3ರಲ್ಲಿ ‘ಈತನು ನನ್ನ ಪ್ರಿಯ ಮಗನು’ ಎಂಬ ದನಿ ಪರಲೋಕದಿಂದ ಬಂತು. ಆಗ ಯೇಸು ಒಂದು ಅದ್ಭುತವನ್ನೂ ಮಾಡಿರಲಿಲ್ಲ, ಒಂದು ಬೋಧನೆಯನ್ನೂ ಕೊಟ್ಟಿರಲಿಲ್ಲ. ಮೆಚ್ಚುಗೆ ಮೊದಲು, ಕೆಲಸ ಆಮೇಲೆ. ಮುಂದಿನ ಅಧ್ಯಾಯದಲ್ಲಿ ಸೈತಾನನ ಮೊದಲ ಏಟು ಬಿದ್ದದ್ದೂ ಆ ಮಾತಿನ ಮೇಲೆಯೇ: ‘ನೀನು ದೇವರ ಮಗನಾಗಿದ್ದರೆ’ ಈ ಕಲ್ಲನ್ನು ರೊಟ್ಟಿ ಮಾಡಿ ತೋರಿಸು. ನಿಮ್ಮ ತಲೆಯಲ್ಲಿ ಈಗ ಓಡುತ್ತಿರುವುದು ಇದೇ ಧಾಟಿ ಅಲ್ಲವೇ? ದೇವರ ಮಗಳಾಗಿದ್ದರೆ ಕೆಲಸ ಏಕೆ ಹೋಯಿತು, ದೇವರ ಮಗಳಾಗಿದ್ದರೆ ಆ ಹುಡುಗ ಏಕೆ ಬೇಡವೆಂದ. ಆ ಪರೀಕ್ಷೆಗೆ ಯೇಸು ಕೂಡ ಕೂರಲಿಲ್ಲ. ನೀವೂ ಕೂರಬೇಕಿಲ್ಲ.

ಇದು ಅಹಂಕಾರ ಆಗುವುದಿಲ್ಲ. ಇದರಲ್ಲಿ ನೀವು ಸಂಪಾದಿಸಿದ್ದು ಏನೂ ಇಲ್ಲವಲ್ಲ! ದೇವರ ಸ್ವರೂಪದಲ್ಲಿ ಉಂಟಾದವರು ಎಂಬುದು ನಿಮಗೆಷ್ಟು ನಿಜವೋ, ನಿಮ್ಮನ್ನು ಬೇಡವೆಂದವರಿಗೂ ಅಷ್ಟೇ ನಿಜ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತನು ನಮಗಾಗಿ ಸತ್ತನು ಎಂದು ರೋಮ 5:8 ಹೇಳುತ್ತದೆ; ಯೋಗ್ಯತೆ ನೋಡಿ ಕೊಟ್ಟದ್ದಲ್ಲ, ಆದ್ದರಿಂದ ಯೋಗ್ಯತೆ ಹೋಯಿತೆಂದು ಕಿತ್ತುಕೊಳ್ಳುವಂಥದ್ದೂ ಅಲ್ಲ. ರೋಮ 12:3 ತನ್ನನ್ನು ಇರುವುದಕ್ಕಿಂತ ಹೆಚ್ಚೆಂದು ಎಣಿಸಬೇಡಿ, ಸ್ವಸ್ಥಬುದ್ಧಿಯಿಂದ ಎಣಿಸಿ ಎನ್ನುತ್ತದೆ. ಕಡಿಮೆ ಎಣಿಸಿಕೊಳ್ಳುವುದೂ ತಪ್ಪು ಲೆಕ್ಕವೇ. ‘ನಾನು ಹುಳ, ಮನುಷ್ಯನಲ್ಲ’ ಎಂಬ 22ನೆಯ ಕೀರ್ತನೆಯ ಮಾತನ್ನು ದೀನತೆಯ ಪಾಠ ಎಂಬಂತೆ ಕೂಟಗಳಲ್ಲಿ ಹೇಳಿಸುವುದುಂಟು. ಅದು ಜನರ ಹೀಯಾಳಿಕೆಯಲ್ಲಿ ನೊಂದವನ ಕೂಗು. ಮೂರೇ ವಚನ ಮುಂದೆ ಹೋದರೆ ಅವನೇ, ತಾಯಿಯ ಗರ್ಭದಿಂದ ನನ್ನನ್ನು ಬರಮಾಡಿದವನು ನೀನೇ ಎಂದು ದೇವರ ಕಡೆ ತಿರುಗುತ್ತಾನೆ.

ನಂಬಿಕೆ ಇದ್ದೂ ಏಟು ಇಷ್ಟು ಆಳಕ್ಕೆ ಹೋದದ್ದು ಏಕೆ? ಅರ್ಧ ಕಾರಣ ನಮ್ಮ ಸಭೆಗಳ ರೂಢಿಯಲ್ಲಿದೆ. ಪ್ರಕಟಣೆ ಎಲ್ಲರೆದುರು ಓದುತ್ತಾರೆ, ಮುರಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಮುರಿದವರ ಜೊತೆ ಕೂರಲು ಮಾತ್ರ ಯಾವ ಕ್ರಮವೂ ಇಲ್ಲ. ದೇವರು ಮಾಡಿದ ಉಪಕಾರವನ್ನು ಸಭೆಯಲ್ಲಿ ಸಾಕ್ಷಿ ಹೇಳಲು ಎದ್ದು ನಿಲ್ಲುವವರು ಕೆಲಸ ಸಿಕ್ಕವರು, ವೀಸಾ ಸಿಕ್ಕವರು, ಮಗು ಆದವರು. ವರ್ಷಗಟ್ಟಲೆ ಅದನ್ನೇ ಕೇಳಿದವರ ಮನಸ್ಸಿನಲ್ಲಿ, ದೇವರು ಮೆಚ್ಚಿದವರಿಗೆ ಹೀಗಾಗುತ್ತದೆ, ಉಳಿದವರಿಗೆ ಆಗುವುದಿಲ್ಲ ಎಂದು ಯಾರೂ ಹೇಳದೆಯೇ ಕೂತುಬಿಡುತ್ತದೆ. ಉಳಿದರ್ಧ ನಮ್ಮೊಳಗಿನ ಒಪ್ಪಂದ: ನಾನು ಭಾನುವಾರ ತಪ್ಪಿಸಲಿಲ್ಲ, ದಶಮಾಂಶ (ಆದಾಯದ ಹತ್ತನೆಯ ಒಂದು ಭಾಗ) ಕೊಟ್ಟೆ, ನಡತೆ ಕಾಪಾಡಿಕೊಂಡೆ, ಆದ್ದರಿಂದ ನನಗೆ ಇಂಥದ್ದು ಸಿಗಬೇಕು. ಲೂಕ 15ರಲ್ಲಿ, ಮನೆ ಬಿಟ್ಟು ಹೋಗಿ ಮರಳಿದ ಮಗನ ಕಥೆಯ ಹಿರಿಯ ಮಗ ಆಡುವುದು ಇದೇ ಮಾತು. ತಂದೆ ಅವನನ್ನು ಹೊರಗೆ ಹಾಕಲಿಲ್ಲ, ತಾನೇ ಹೊರಗೆ ಬಂದು ‘ಮಗನೇ, ನೀನು ಯಾವಾಗಲೂ ನನ್ನ ಸಂಗಡ ಇದ್ದೀ’ ಎಂದನು. ಈ ಒಪ್ಪಂದ ನಿಮ್ಮಲ್ಲೂ ಇತ್ತೇ ಎಂದು ನೋಡಿಕೊಳ್ಳಿ. ಇದ್ದರೆ ಅದಕ್ಕಾಗಿ ಹೊಸದಾಗಿ ನಾಚಬೇಕಿಲ್ಲ, ಅದು ಬಹುಮಟ್ಟಿಗೆ ಎಲ್ಲರಲ್ಲೂ ಇದೆ.

ನಿಮ್ಮ ಪರಿಸ್ಥಿತಿಗೆ ತೀರ ಹತ್ತಿರದವಳು ಯಾಕೋಬನ ಹೆಂಡತಿ ಲೇಯಾ. ಆದಿಕಾಂಡ 29ರ ಕೊನೆಯ ಐದು ವಚನಗಳನ್ನು ನಿಧಾನವಾಗಿ ಓದಿ. ಗಂಡನಿಗೆ ಬೇಡವಾದ ಹೆಂಡತಿ ಮಕ್ಕಳಿಗೆ ಇಟ್ಟ ಹೆಸರುಗಳಲ್ಲೇ ಅವಳ ಅಳಲು ಇದೆ. ರೂಬೇನ ಹುಟ್ಟಿದಾಗ, ಇನ್ನು ಗಂಡ ನನ್ನನ್ನು ಪ್ರೀತಿಸುವನು. ಸಿಮೆಯೋನ ಹುಟ್ಟಿದಾಗ, ನನ್ನ ಮೇಲೆ ಪ್ರೀತಿಯಿಲ್ಲವೆಂದು ದೇವರು ಕೇಳಿಸಿಕೊಂಡನು. ಲೇವಿಗೆ, ಈಗಲಾದರೂ ನನ್ನೊಂದಿಗೆ ಕೂಡಿಕೊಂಡಿರುವನು. ನಾಲ್ಕನೆಯವನು ಯೆಹೂದ ಹುಟ್ಟಿದಾಗ ಗಂಡನ ಮಾತೇ ಇಲ್ಲ, ಈ ಸಾರಿ ಯೆಹೋವನಿಗೆ ಸ್ತೋತ್ರ ಎನ್ನುತ್ತಾಳೆ. ಸಾಮಾನ್ಯವಾಗಿ ಪ್ರಸಂಗ ಇಲ್ಲಿಗೇ ನಿಲ್ಲುತ್ತದೆ: ಲೇಯಾ ಗೆದ್ದಳು, ನೀವೂ ಗೆಲ್ಲಿ. ಅಧ್ಯಾಯ 30ನ್ನೂ ಓದಿ ಎಂದು ಕೇಳಿಕೊಳ್ಳುತ್ತೇನೆ. ಅಲ್ಲಿ ಜೆಬುಲೂನ ಹುಟ್ಟಿದಾಗ ಅವಳು ಮತ್ತೆ ಗಂಡನ ಕಡೆಗೇ ತಿರುಗುತ್ತಾಳೆ. ಹಳೆಯ ಹಸಿವು ಮರಳಿ ಬಂದಿತ್ತು. ಹಾಗೆ ಬಂದದ್ದರಿಂದ ಯೆಹೂದನ ದಿನದ ಸ್ತೋತ್ರ ಸುಳ್ಳಾಗಲಿಲ್ಲ, ದೇವರು ಅವಳನ್ನು ಬಿಡಲೂ ಇಲ್ಲ. ಒಂದು ವಾರ ಚೆನ್ನಾಗಿದ್ದು ಮುಂದಿನ ವಾರ ಯಾರದೋ ಮದುವೆ ಕರೆಯೋಲೆ ನೋಡಿ ಕುಸಿದರೆ, ‘ಮೊದಲಿನ ಜಾಗಕ್ಕೇ ಬಂದೆ’ ಎಂದುಕೊಳ್ಳಬೇಡಿ. ಚೇತರಿಕೆ ಬರುವುದೇ ಹೀಗೆ. ಒಂದು ಮಾತು ಸೇರಿಸುತ್ತೇನೆ: ಯೇಸುವಿಗೆ ಮದುವೆಯಾಗಿರಲಿಲ್ಲ, 1 ಕೊರಿಂಥ 7 ಬರೆಯುವಾಗ ಪೌಲನೂ ಒಂಟಿಯೇ. ಮದುವೆಯಾಗದ ಹೆಣ್ಣು ಅರ್ಧ ಮನುಷ್ಯಳು ಎಂಬ ಮಾತು ಊರಿನದು, ಸುವಾರ್ತೆಯದಲ್ಲ.

ಕನ್ನಡಿಯ ಬದಲಿಗೆ ಒಂದು ಅಭ್ಯಾಸ ಹೇಳುತ್ತೇನೆ. 13ನೆಯ ಕೀರ್ತನೆಯಲ್ಲಿ ಆರೇ ವಚನ. ಮೊದಲ ಎರಡು ದೂರು, ನಡುವಿನ ಎರಡು ಬೇಡಿಕೆ, ಕೊನೆಯ ಎರಡು ಭರವಸೆ. ಇದೇ ಅಚ್ಚಿನಲ್ಲಿ ನಿಮ್ಮದನ್ನು ಬರೆಯಿರಿ. ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಗಡಿಯಾರ ಇಟ್ಟುಕೊಂಡು. (ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1986ರಲ್ಲಿ ಪ್ರಕಟಿಸಿದ ಬರವಣಿಗೆಯ ಪ್ರಯೋಗದಲ್ಲೂ ಅಳತೆ ಇಷ್ಟೇ ಇತ್ತು.) ದೂರಿನ ಭಾಗದಲ್ಲಿ ನಯ ಬೇಡ: ‘ದೇವರೇ, ಎರಡು ಭಾನುವಾರ ನನ್ನ ಹೆಸರು ಓದಿಸಿ ಮೂರನೆಯದಕ್ಕೆ ನೀನು ಎಲ್ಲಿದ್ದೆ?’ ಎಂದೇ ಬರೆಯಿರಿ. ಬೇಡಿಕೆಯಲ್ಲಿ ಒಂದೇ ವಿಷಯ, ಚಿಕ್ಕದು, ಇವತ್ತಿನದು. ಭರವಸೆಯ ಸಾಲು ಬಾರದಿದ್ದರೆ ಖಾಲಿ ಬಿಡಿ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರೆ. ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಹಜ, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಆದ್ದರಿಂದ ಮಲಗುವ ಮುಂಚೆ ಬೇಡ, ಸಂಜೆ ಬರೆದು ಒಂದು ಸುತ್ತು ನಡೆದು ಬನ್ನಿ. ಮರುದಿನಕ್ಕೂ ಭಾರ ಇಳಿಯದಿದ್ದರೆ, ಅಥವಾ ಬರೆದದ್ದೆಲ್ಲ ನಿಮ್ಮನ್ನು ನೀವೇ ಬೈದುಕೊಳ್ಳುವ ಪಟ್ಟಿಯಾಗತೊಡಗಿದರೆ, ನಿಲ್ಲಿಸಿ. ಅದು ಒಬ್ಬರೇ ಮಾಡುವ ಕೆಲಸವಲ್ಲ ಎಂದರ್ಥ. ಐದನೆಯ ದಿನ ಆ ಹಾಳೆಗಳಲ್ಲಿ ಒಂದನ್ನು ನಂಬಿಕೆಯುಳ್ಳ ಒಬ್ಬ ಹಿರಿಯ ಹೆಂಗಸಿಗೆ ಓದಿ ಹೇಳಿ. ಸಲಹೆ ಬೇಡ, ಕೇಳಿಸಿಕೊಂಡು ಒಂದು ವಾಕ್ಯ ಓದಿ ಪ್ರಾರ್ಥಿಸಿ ಎಂದು ಮೊದಲೇ ಕೇಳಿಕೊಳ್ಳಿ. ನಿಮಗೆ ಬೆಲೆಯಿದೆ ಎಂಬ ಮಾತು ಆಗ ಇನ್ನೊಬ್ಬರ ದನಿಯಲ್ಲಿ ಬರುತ್ತದೆ.

ಚರ್ಚಿನ ಬಾಗಿಲಲ್ಲಿ ಕೇಳುವವರಿಗೆ ಒಂದು ಉತ್ತರ ಸಿದ್ಧ ಇಟ್ಟುಕೊಳ್ಳಿ: ‘ಆ ಮಾತು ನಿಂತಿದೆ ಆಂಟಿ. ಈಗ ಅದರ ಬಗ್ಗೆ ಮಾತಾಡಲು ಆಗುವುದಿಲ್ಲ. ಪ್ರಾರ್ಥನೆಯಲ್ಲಿ ನೆನೆಸಿ.’ ಇಷ್ಟೇ, ಎಲ್ಲರಿಗೂ ಇದೇ. ಸಭಾಪಾಲಕರನ್ನು ವಾರದ ದಿನ ಮನೆಯವರೊಬ್ಬರ ಜೊತೆ ಹೋಗಿ ಕಾಣಿರಿ. ಹೆಸರು ಹೇಳಿ ಬಹಿರಂಗವಾಗಿ ಪ್ರಾರ್ಥಿಸಬಾರದು, ಕೂಟದ ವಾಟ್ಸ್ಆ್ಯಪ್ ಗುಂಪಿಗೆ ಪ್ರಾರ್ಥನಾ ವಿನಂತಿ ಎಂದು ಹಾಕಬಾರದು ಎಂದು ಸ್ಪಷ್ಟವಾಗಿ ಹೇಳಿ. ಕ್ವಾಯರಿನಲ್ಲೋ ಬೇರೆ ಸೇವೆಯಲ್ಲೋ ಇದ್ದರೆ, ಎಲ್ಲರ ಕಣ್ಣೆದುರು ನಿಲ್ಲುವಂಥದ್ದರಿಂದ ಆರು ವಾರ ಬಿಡುವು ಪಡೆಯಿರಿ, ಮರಳುವ ದಿನಾಂಕ ಹೇಳಿಯೇ ಪಡೆಯಿರಿ. ಮಕ್ಕಳಿಗೆ ಕಲಿಸುವುದು, ಕಾಯಿಲೆಯವರನ್ನು ಕಾಣುವುದು ಇಂಥವನ್ನು ಶಕ್ತಿಯಿದ್ದಷ್ಟು ಇಟ್ಟುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಮನೆಯ ನಾಲ್ಕು ಗೋಡೆ ಮಾತ್ರ ಉಳಿಯುತ್ತದೆ, ಮತ್ತೆ ಹೊರಗೆ ಕಾಲಿಡುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತದೆ.

ಸಭೆ ಬದಲಾಯಿಸುವ ವಿಚಾರದಲ್ಲಿ ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೋಲಾರ ಒಂದು ನಿಯಮವನ್ನು ಪ್ರೊಟೆಸ್ಟೆಂಟರೂ ಧಾರಾಳವಾಗಿ ಬಳಸಬಹುದು. ಮನಸ್ಸು ಬರಡಾಗಿ, ದೇವರು ದೂರವಾದಂತೆ ತೋರುವ ಕಾಲದಲ್ಲಿ ಮೊದಲು ಮಾಡಿದ ನಿರ್ಧಾರವನ್ನು ಬದಲಿಸಬಾರದು ಎಂದು 1548ರಲ್ಲಿ ಅಚ್ಚಾದ ತಮ್ಮ ‘ಆತ್ಮಿಕ ಸಾಧನೆಗಳು’ ಪುಸ್ತಕದಲ್ಲಿ ಅವರು ಹೇಳುತ್ತಾರೆ. ಹುಟ್ಟಿದ ಸಭೆಯನ್ನು ಈಗ ಬಿಟ್ಟರೆ ನಿಮ್ಮನ್ನು ಬಾಲ್ಯದಿಂದ ಬಲ್ಲವರೂ ಕೈ ತಪ್ಪುತ್ತಾರೆ. ಜೊತೆಗೆ, ಹೊಸ ಜಾಗದಲ್ಲಿ ‘ಅದ್ಭುತ’ದ ಮಾತು ಇನ್ನೂ ಜೋರಾಗಿರುವ ಸಾಧ್ಯತೆಯೂ ಇದೆ. ಮೂರು ತಿಂಗಳು ತಡೆಯಿರಿ. ತೀರ ಉಸಿರುಗಟ್ಟಿದರೆ ತಿಂಗಳಿಗೊಂದು ಭಾನುವಾರ ಬೇರೆ ಊರಿನ ಆರಾಧನೆಗೆ ಹೋಗಿ ಬನ್ನಿ. ಆದರೆ ಆ ಪ್ರಾರ್ಥನಾ ಕೂಟಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಪಾಪದ ಹೆಸರಲ್ಲಿ ಹೆದರಿಸುವುದು, ಊಟ ನಿದ್ದೆ ಬಿಡಿಸುವುದು ನಡೆಯುವಲ್ಲಿಂದ ಈ ವಾರವೇ ದೂರವಾಗಿ. ಔಷಧಿ ಬಿಡಿ ಎನ್ನುವವರು, ಪ್ರಾರ್ಥಿಸಿ ಬಿಡುಗಡೆ ಕೊಡಿಸುತ್ತೇವೆಂದು ಹಣ ಕೇಳುವವರು ಎಲ್ಲಿ ಸಿಕ್ಕರೂ ಅಷ್ಟೇ. ಕಾರಣ ಕೊಡುವ ಅಗತ್ಯವಿಲ್ಲ.

ಕೊನೆಯ ಪ್ರಶ್ನೆ ಕೌನ್ಸೆಲಿಂಗಿನದು. ಎರಡು ವಾರಕ್ಕೂ ಮಿಕ್ಕಿ, ದಿನದ ಹೆಚ್ಚಿನ ಹೊತ್ತು, ಬೇಸರ ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಗಮನ ಕೆಟ್ಟಿರುವುದು, ನಾನು ನಿಷ್ಪ್ರಯೋಜಕ ಎಂಬ ಭಾವನೆ, ಸಾವಿನ ಯೋಚನೆ ಇವೆಲ್ಲ ಖಿನ್ನತೆ ಎಂಬ ಕಾಯಿಲೆಯ ಲಕ್ಷಣಗಳು. ನಿಮ್ಮ ಪತ್ರದಲ್ಲಿ ಇವುಗಳಲ್ಲಿ ಕೆಲವು ಈಗಾಗಲೇ ಇವೆ. ಉಪವಾಸದಿಂದ ಬಂದದ್ದೆಷ್ಟು, ಕಾಯಿಲೆಯದ್ದೆಷ್ಟು ಎಂದು ಬೇರ್ಪಡಿಸಬೇಕಾದವರು ವೈದ್ಯರು. ಮೇಲೆ ಹೇಳಿದ ಎರಡು ವಾರ ಮುಗಿಯಲಿ ಎಂದು ಕಾಯದೆ ಈಗಲೇ ದಿನ ಗೊತ್ತು ಮಾಡಿಕೊಳ್ಳಿ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಬಹುದು. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿ. ಅವು ಕೆಟ್ಟರೂ ಇದೇ ಬಗೆಯ ಸುಸ್ತು, ಬೇಸರ ಬರುತ್ತದೆ. ಕೌನ್ಸೆಲರನ್ನು ಆರಿಸುವಾಗ ಅವರು ಕ್ರೈಸ್ತರೇ ಆಗಿರಬೇಕೆಂದಿಲ್ಲ, ತರಬೇತಿ ಪಡೆದವರಾಗಿರಲೇಬೇಕು. ‘ನನ್ನ ನಂಬಿಕೆ ನನಗೆ ಮುಖ್ಯ, ಅದನ್ನು ಗೌರವಿಸುತ್ತೀರಾ?’ ಎಂದು ಮೊದಲ ಭೇಟಿಯಲ್ಲೇ ಕೇಳಿ. ಮೂರು ನಾಲ್ಕು ಭೇಟಿಯ ನಂತರವೂ ಹೊಂದಿಕೆ ಆಗದಿದ್ದರೆ ಬೇರೆಯವರನ್ನು ನೋಡುವುದರಲ್ಲಿ ತಪ್ಪಿಲ್ಲ.

ವೈದ್ಯರು ಮಾತ್ರೆ ಬರೆದುಕೊಟ್ಟರೆ, ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಇರಬಹುದು. ಹೆಚ್ಚಾದರೆ, ಅಥವಾ ಸಾವಿನ ಯೋಚನೆ ಬಲವಾದರೆ, ಅಂದೇ ವೈದ್ಯರಿಗೆ ಫೋನ್ ಮಾಡಿ. ಖಿನ್ನತೆಗೆ ಕೊಡುವ ಮಾತ್ರೆ ಚಟ ಹಿಡಿಸುವುದಿಲ್ಲ, ಆದರೆ ತಟ್ಟನೆ ನಿಲ್ಲಿಸಬಾರದು. ಹುಷಾರಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ವೈದ್ಯರೇ ಮೆಲ್ಲಗೆ ಇಳಿಸುತ್ತಾರೆ. ‘ಗುಣವಾಯಿತು ಎಂದು ನಂಬಿಕೆಯಿಂದ ಮಾತ್ರೆ ಬಿಡು’ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ನಿಮ್ಮ ವೈದ್ಯರ ಮುಂದೆಯೇ ಹೇಳಲಿ ಎನ್ನಿ. ಲೂಕನು ವೈದ್ಯನಾಗಿದ್ದನು, ಪೌಲನು ಕೊಲೊಸ್ಸೆಯವರಿಗೆ ಬರೆಯುವಾಗ ಅವನನ್ನು ‘ಪ್ರಿಯ ವೈದ್ಯ’ ಎಂದೇ ಕರೆಯುತ್ತಾನೆ. ಮಾತ್ರೆ ನುಂಗುವ ಹೊತ್ತಿನಲ್ಲೇ ಪ್ರಾರ್ಥಿಸಿ, ಎರಡೂ ಒಟ್ಟಿಗೆ ನಡೆಯಲಿ.